ಕಾಲೇಜಿನ ಹೊಸ ವಿದ್ಯಾರ್ಥಿಗಳಲ್ಲಿ ಮದ್ಯದ ದುರ್ಬಳಕೆಯ ತಡೆ

ಕಾಲೇಜಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಹಾನಿಯಾಗುವಷ್ಟು ಮದ್ಯ ಕುಡಿಯದಂತೆ ನೋಡಿಕೊಳ್ಳಲು, ಕುಡಿತ ಆರಂಭವಾಗುವ ವಯಸ್ಸನ್ನು ಮುಂದೂಡಲು ಮತ್ತು ಕುಡಿದವರಿಗೆ ಒದಗುವ ಅಪಾಯವನ್ನು ತಗ್ಗಿಸಲು ಕಾಲೇಜು, ಕುಟುಂಬ, ಸ್ಥಳೀಯ ಆಡಳಿತ ಹಾಗೂ ಸರಕಾರ ಕೈಗೊಳ್ಳುವ ಕ್ರಮಗಳ ಒಟ್ಟು ಹೆಸರು. ಸಾರ್ವಜನಿಕ ಆರೋಗ್ಯದ ಪ್ರತ್ಯೇಕ ಕಾರ್ಯಕ್ಷೇತ್ರವಾಗಿ ಇದು ಬೆಳೆದದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ ಬಹುಪಾಲು ವಿದ್ಯಾರ್ಥಿಗಳು 18ನೇ ವಯಸ್ಸಿಗೆ ಕಾಲೇಜು ಸೇರುತ್ತಾರೆ, ಹಲವರು ಮನೆ ಬಿಟ್ಟು ವಿದ್ಯಾರ್ಥಿನಿಲಯದಲ್ಲಿ ವಾಸಿಸತೊಡಗುತ್ತಾರೆ. ಕಾನೂನು ಮದ್ಯಕ್ಕೆ ಅನುಮತಿ ಕೊಡುವುದು 21ಕ್ಕೆ. ನಡುವಿನ ಮೂರು ವರ್ಷಗಳಲ್ಲಿ ಒಂದೇ ಆವರಣದಲ್ಲಿ, ಒಂದೇ ಪಾರ್ಟಿಯಲ್ಲಿ ಅನುಮತಿ ಇರುವವರೂ ಇಲ್ಲದವರೂ ಬೆರೆತಿರುತ್ತಾರೆ. ಈ ಕ್ಷೇತ್ರದ ಹೆಚ್ಚಿನ ಪ್ರಶ್ನೆಗಳು ಹುಟ್ಟುವುದು ಇಲ್ಲಿಯೇ.

ಪರಿಭಾಷೆ ಮತ್ತು ಅಳತೆ

ಈ ಲೇಖನದಲ್ಲಿ 'ದುರ್ಬಳಕೆ' ಎಂದರೆ ಕುಡಿದವರಿಗೋ ಸುತ್ತಲಿನವರಿಗೋ ದೈಹಿಕ, ಮಾನಸಿಕ ಅಥವಾ ಶೈಕ್ಷಣಿಕ ಹಾನಿ ತರುವ ಕುಡಿತ. ಕುಡಿಯದೆ ಇರಲಾಗದ ಸ್ಥಿತಿ 'ವ್ಯಸನ'. ಹೊಸ ವಿದ್ಯಾರ್ಥಿಗಳಲ್ಲಿ ಕುಡಿದು ಹಾನಿಗೊಳಗಾಗುವವರಲ್ಲಿ ಹೆಚ್ಚಿನವರು ವ್ಯಸನಿಗಳಲ್ಲ. ಅವರ ಅಪಾಯ ನಿತ್ಯದ ಕುಡಿತದಿಂದ ಬರುವುದಕ್ಕಿಂತ ಒಂದೇ ರಾತ್ರಿಯ ಅತಿಕುಡಿತದಿಂದ ಬರುತ್ತದೆ. ವ್ಯಸನಮುಕ್ತಿ ಕೇಂದ್ರಗಳ ವಿಧಾನಗಳನ್ನು ಹಾಗೆಯೇ ಕಾಲೇಜಿಗೆ ತಂದರೆ ಸಾಲದು ಎನ್ನುವುದಕ್ಕೆ ಇದೇ ಕಾರಣ.

ಅಮೆರಿಕದಲ್ಲಿ ಮದ್ಯದ ಒಂದು ಯೂನಿಟ್ ಎಂದರೆ 14 ಗ್ರಾಂ ಶುದ್ಧ ಆಲ್ಕೊಹಾಲ್. ಶೇ 5ರ ಬಿಯರ್‌ನಲ್ಲಿ ಇದು 355 ಮಿ.ಲೀ., ಶೇ 12ರ ವೈನ್‌ನಲ್ಲಿ ಸುಮಾರು 148 ಮಿ.ಲೀ., ಶೇ 40ರ ವಿಸ್ಕಿ ಅಥವಾ ವೋಡ್ಕಾದಲ್ಲಿ ಸುಮಾರು 44 ಮಿ.ಲೀ. ಭಾರತದಲ್ಲಿ ಬಳಕೆಯಲ್ಲಿರುವ ಯೂನಿಟ್ 10 ಗ್ರಾಂ, ಶೇ 42.8ರ ಮದ್ಯದ 30 ಮಿ.ಲೀ. ಪೆಗ್ಗಿನಲ್ಲಿ ಹೆಚ್ಚುಕಡಿಮೆ ಅಷ್ಟಿರುತ್ತದೆ. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಮಿ.ಲೀ. ಬಾಟಲಿಯೊಂದರಲ್ಲಿ ಸುಮಾರು 41 ಗ್ರಾಂ, ಅಂದರೆ ನಾಲ್ಕು ಪೆಗ್ಗಿನಷ್ಟು ಆಲ್ಕೊಹಾಲ್ ಸೇರುತ್ತದೆ. 'ಬರೀ ಬಿಯರ್' ಎಂಬ ಮಾತು ಹೊಸಬರನ್ನು ದಾರಿ ತಪ್ಪಿಸುವುದರಿಂದ ಈ ಲೆಕ್ಕ ಮುಖ್ಯ.

ರಕ್ತದಲ್ಲಿ ಆಲ್ಕೊಹಾಲಿನ ಪ್ರಮಾಣವನ್ನು ಶೇ 0.08ಕ್ಕೆ ಏರಿಸುವ ಕುಡಿತ 'ಅತಿಕುಡಿತ'. ಸಾಮಾನ್ಯವಾಗಿ ಗಂಡಸರು ಸುಮಾರು ಎರಡು ಗಂಟೆಯೊಳಗೆ ಐದು, ಹೆಂಗಸರು ನಾಲ್ಕು ಅಮೆರಿಕನ್ ಯೂನಿಟ್ ಕುಡಿದರೆ ಈ ಮಟ್ಟ ಮುಟ್ಟುತ್ತಾರೆ. ಅಮೆರಿಕದ ರಾಷ್ಟ್ರೀಯ ಮದ್ಯ ದುರ್ಬಳಕೆ ಮತ್ತು ಮದ್ಯವ್ಯಸನ ಸಂಸ್ಥೆ (ಮುಂದೆ 'ರಾಷ್ಟ್ರೀಯ ಸಂಸ್ಥೆ') 2004ರಲ್ಲಿ ಈ ವ್ಯಾಖ್ಯೆಯನ್ನು ನಿಗದಿಪಡಿಸಿತು. ಸಂಸ್ಥೆ ಸ್ಥಾಪನೆಯಾದದ್ದು 1970ರಲ್ಲಿ. ವ್ಯಕ್ತಿಯ ಕುಡಿತ ಎಷ್ಟು ಅಪಾಯಕಾರಿ ಎಂದು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ, ಹತ್ತು ಪ್ರಶ್ನೆಗಳ 'ಆಡಿಟ್' ಪ್ರಶ್ನಾವಳಿ ಬಳಕೆಯಲ್ಲಿದೆ. ಅದರ ಗರಿಷ್ಠ ಅಂಕ 40. 8 ಅಥವಾ ಹೆಚ್ಚು ಬಂದರೆ ಅಪಾಯಕಾರಿ ಕುಡಿತ ಎಂದು ಎಣಿಸುವುದು ರೂಢಿ.

ಹಿನ್ನೆಲೆ

ಕಾಲೇಜು ವಿದ್ಯಾರ್ಥಿಗಳ ಕುಡಿತದ ಮೊದಲ ದೊಡ್ಡ ಅಧ್ಯಯನವನ್ನು ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಟ್ರಾಸ್ ಮತ್ತು ಸೆಲ್ಡನ್ ಬೇಕನ್ ನಡೆಸಿದರು. 27 ಕಾಲೇಜುಗಳ ಸಮೀಕ್ಷೆಯನ್ನು ಆಧರಿಸಿದ ಅವರ ಪುಸ್ತಕ 1953ರಲ್ಲಿ ಹೊರಬಂದಿತು. 1971ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿದ ಆಸುಪಾಸಿನಲ್ಲಿ ಹಲವು ರಾಜ್ಯಗಳು ಮದ್ಯದ ವಯೋಮಿತಿಯನ್ನೂ ಇಳಿಸಿದವು. ಯುವಜನರ ರಸ್ತೆ ಸಾವುಗಳು ಹೆಚ್ಚಿದ್ದರಿಂದ ಚಕ್ರ ಹಿಂದಕ್ಕೆ ತಿರುಗಿತು. 1984ರ ರಾಷ್ಟ್ರೀಯ ಕನಿಷ್ಠ ಮದ್ಯಪಾನ ವಯಸ್ಸಿನ ಕಾಯ್ದೆ, ವಯೋಮಿತಿಯನ್ನು 21ಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿ ಅನುದಾನದ ಒಂದು ಭಾಗವನ್ನು ತಡೆಹಿಡಿಯುವುದಾಗಿ ಹೇಳಿತು. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ ಒಪ್ಪಿದವು.

1989ರ ತಿದ್ದುಪಡಿಯೊಂದು ಕೇಂದ್ರದ ಹಣ ಪಡೆಯುವ ಪ್ರತಿ ಕಾಲೇಜೂ ಮದ್ಯ ಮತ್ತು ಮಾದಕವಸ್ತುಗಳ ಕುರಿತ ತನ್ನ ನಿಯಮಗಳನ್ನು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳಿಗೆ ಲಿಖಿತವಾಗಿ ಕೊಡಬೇಕೆಂದೂ ಎರಡು ವರ್ಷಕ್ಕೊಮ್ಮೆ ಪರಾಮರ್ಶಿಸಬೇಕೆಂದೂ ಕಡ್ಡಾಯ ಮಾಡಿತು. ಕಾಗದದ ಮೇಲಿನ ನಿಯಮ ಎಷ್ಟು ಫಲಿಸಿದೆ ಎನ್ನುವುದನ್ನು ಬಯಲಿಗೆ ತಂದದ್ದು ಹಾರ್ವರ್ಡ್ ಸಾರ್ವಜನಿಕ ಆರೋಗ್ಯ ಶಾಲೆಯ ಹೆನ್ರಿ ವೆಕ್ಸ್ಲರ್ ನೇತೃತ್ವದ ಕಾಲೇಜು ಮದ್ಯ ಅಧ್ಯಯನ. 1993ರಲ್ಲಿ 140 ಕಾಲೇಜುಗಳ ವಿದ್ಯಾರ್ಥಿಗಳನ್ನು ಕೇಳಿದಾಗ ಶೇ 44ರಷ್ಟು ಮಂದಿ ಹಿಂದಿನ ಎರಡು ವಾರಗಳಲ್ಲಿ ಒಮ್ಮೆಯಾದರೂ ಅತಿಯಾಗಿ ಕುಡಿದಿದ್ದರು. 1997, 1999 ಮತ್ತು 2001ರಲ್ಲಿ ಸಮೀಕ್ಷೆ ಮರುಕಳಿಸಿತು. ಎಂಟು ವರ್ಷಗಳ ಭಾಷಣ, ಭಿತ್ತಿಪತ್ರ, ಸಪ್ತಾಹಗಳ ನಂತರವೂ ಪ್ರಮಾಣ ಹೆಚ್ಚುಕಡಿಮೆ ಅಲ್ಲಿಯೇ ನಿಂತಿತ್ತು.

1997ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮೊದಲ ವರ್ಷದ ವಿದ್ಯಾರ್ಥಿಯೊಬ್ಬ, ತರಗತಿಗಳು ಶುರುವಾಗಿ ಕೆಲವೇ ವಾರಗಳಾಗಿದ್ದಾಗ, ಫ್ರಟರ್ನಿಟಿಯೊಂದರ ಸೇರ್ಪಡೆಯ ಕೂಟದಲ್ಲಿ ಅತಿಯಾಗಿ ಕುಡಿದು ಸತ್ತ. ಫ್ರಟರ್ನಿಟಿಗಳು ಗ್ರೀಕ್ ಅಕ್ಷರಗಳ ಹೆಸರು ಹೊತ್ತ ವಿದ್ಯಾರ್ಥಿ ಸಂಘಗಳು. ಅವುಗಳಲ್ಲಿ ಹಲವಕ್ಕೆ ಸ್ವಂತ ಮನೆಗಳಿರುತ್ತವೆ. ಈ ಸಾವಿನ ನಂತರ ಸಂಸ್ಥೆ ಕುಟುಂಬಕ್ಕೆ ಪರಿಹಾರ ಕೊಟ್ಟಿತಲ್ಲದೆ, ಮೊದಲ ವರ್ಷದವರೆಲ್ಲ ಸಂಸ್ಥೆಯ ವಿದ್ಯಾರ್ಥಿನಿಲಯಗಳಲ್ಲೇ ಇರಬೇಕೆಂಬ ನಿಯಮವನ್ನು 2002ರಿಂದ ಜಾರಿಗೆ ತಂದಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಸಂಸ್ಥೆಯ ಕಾರ್ಯಪಡೆಯೊಂದು ಕಾಲೇಜು ಕುಡಿತದ ಬಗ್ಗೆ ಸಮಗ್ರ ವರದಿ ಪ್ರಕಟಿಸಿತು. ಒಬ್ಬೊಬ್ಬ ವಿದ್ಯಾರ್ಥಿ, ಇಡೀ ವಿದ್ಯಾರ್ಥಿ ಸಮುದಾಯ, ಕಾಲೇಜು ಮತ್ತು ಸುತ್ತಲಿನ ಊರು, ಈ ಮೂರೂ ಹಂತಗಳಲ್ಲಿ ಒಟ್ಟಿಗೆ ಕೆಲಸ ನಡೆಯಬೇಕು ಎಂಬ ಅದರ ಚೌಕಟ್ಟೇ ಇಂದಿಗೂ ಈ ಕ್ಷೇತ್ರದ ಆಧಾರ.

ಮೊದಲ ವಾರಗಳ ಅಪಾಯ

ಕಾಲೇಜಿನ ಮೊದಲ ಆರು ವಾರಗಳನ್ನು ವಿಶೇಷ ಅಪಾಯದ ಅವಧಿ ಎಂದು ಗುರುತಿಸಲಾಗಿದೆ. ಪರಿಚಯವಿಲ್ಲದ ಜಾಗ, ಹೊಸ ಕೋಣೆವಾಸಿಗಳು, ಹೆತ್ತವರ ಕಣ್ಗಾವಲು ಇಲ್ಲದಿರುವುದು, ಯಾರೊಂದಿಗಾದರೂ ಬೆರೆಯಬೇಕೆಂಬ ತವಕ ಎಲ್ಲವೂ ಒಮ್ಮೆಲೇ ಕೂಡಿಬರುತ್ತವೆ. ಪರೀಕ್ಷೆಗಳ ಒತ್ತಡ ಇನ್ನೂ ಶುರುವಾಗಿರುವುದಿಲ್ಲ. ಸೀನಿಯರ್‌ಗಳು ಕರೆದಾಗ ಬೇಡವೆನ್ನಲು ಹೊಸಬರಿಗೆ ಧೈರ್ಯ ಸಾಲದು. ಪಾರ್ಟಿಗೆ ಹೊರಡುವ ಮೊದಲೇ ಕೋಣೆಯಲ್ಲಿ ಗಡಿಬಿಡಿಯಿಂದ ಕುಡಿಯುವುದು, ಕುಡಿತದ ಆಟಗಳು, ಲೋಟದಲ್ಲಿ ಬೆರೆಸಿಟ್ಟ ಅಳತೆಯಿಲ್ಲದ ಮದ್ಯ ಇವು ಅಪಾಯವನ್ನು ಹೆಚ್ಚಿಸುತ್ತವೆ. ಫುಟ್‌ಬಾಲ್ ಪಂದ್ಯದ ದಿನಗಳು, ಹ್ಯಾಲೋವೀನ್, ವಸಂತ ರಜೆ, 21ನೇ ಹುಟ್ಟುಹಬ್ಬ ಇವು ನಂತರದ ಇತರ ಅಪಾಯದ ಸಂದರ್ಭಗಳು.

ಹಿಂದೆಂದೂ ಕುಡಿಯದವರು ತಮ್ಮ ದೇಹ ಎಷ್ಟನ್ನು ತಾಳೀತು ಎಂದು ಅರಿಯರು. ಯಕೃತ್ತು ಗಂಟೆಗೆ ಸುಮಾರು ಒಂದು ಯೂನಿಟ್ ಮದ್ಯವನ್ನಷ್ಟೇ ಕರಗಿಸಬಲ್ಲದು. ಕಾಫಿ, ತಣ್ಣೀರು ಸ್ನಾನ, ನಡಿಗೆ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಕುಡಿಯುವುದನ್ನು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತ ಸೇರುತ್ತಲೇ ಇರುತ್ತದೆ. 'ಮಲಗಿ ಎದ್ದರೆ ಸರಿಹೋಗುತ್ತದೆ' ಎಂದು ಗೆಳೆಯರು ಬಿಟ್ಟುಹೋದವರು ನಿದ್ದೆಯಲ್ಲೇ ಉಸಿರು ನಿಂತು ಸತ್ತಿರುವುದು ಇದರಿಂದಲೇ. ಅದೇ ಪ್ರಮಾಣದ ಮದ್ಯ ಸರಾಸರಿ ಹೆಂಗಸಿನ ರಕ್ತದಲ್ಲಿ ಗಂಡಸಿಗಿಂತ ಹೆಚ್ಚಿನ ಮಟ್ಟ ಮುಟ್ಟುತ್ತದೆ, ಏಕೆಂದರೆ ದೇಹದಲ್ಲಿ ನೀರಿನ ಪಾಲು ಕಡಿಮೆ. ಪ್ರಜ್ಞೆ ಇದ್ದಂತೆ ನಡೆದಾಡಿದರೂ ಮರುದಿನ ಏನೂ ನೆನಪಿಲ್ಲದಿರುವ ಸ್ಥಿತಿಗೆ 'ಬ್ಲ್ಯಾಕೌಟ್' ಎನ್ನುತ್ತಾರೆ. ಮದ್ಯ ರಕ್ತದಲ್ಲಿ ಬೇಗ ಏರಿದಾಗ ಇದು ಹೆಚ್ಚು.

ಅಮೆರಿಕದಲ್ಲಿ 18ರಿಂದ 24ರ ವಯಸ್ಸಿನ ಸುಮಾರು 1,519 ಕಾಲೇಜು ವಿದ್ಯಾರ್ಥಿಗಳು ಮದ್ಯಕ್ಕೆ ಸಂಬಂಧಿಸಿದ ಆಕಸ್ಮಿಕಗಳಿಂದ 2014ರಲ್ಲಿ ಸತ್ತರೆಂದು ಅಂದಾಜಿಸಲಾಗಿದೆ. ರಸ್ತೆ ಅಪಘಾತಗಳದ್ದೇ ಇದರಲ್ಲಿ ದೊಡ್ಡ ಪಾಲು. ಲೈಂಗಿಕ ದೌರ್ಜನ್ಯ, ಹೊಡೆದಾಟ, ತಪ್ಪಿದ ತರಗತಿಗಳು ಈ ಲೆಕ್ಕದ ಹೊರಗಿನವು.

ತಡೆಯ ವಿಧಗಳು

ವ್ಯಕ್ತಿಮಟ್ಟದ ಆಪ್ತಸಮಾಲೋಚನೆ. ಪುರಾವೆಯ ದೃಷ್ಟಿಯಿಂದ ಅತ್ಯಂತ ಗಟ್ಟಿಯಾದ ವಿಧಾನಗಳಲ್ಲಿ ಇದು ಒಂದು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಲನ್ ಮಾರ್ಲಾಟ್ ಮತ್ತು ಸಹೋದ್ಯೋಗಿಗಳು ರೂಪಿಸಿದ 'ಬೇಸಿಕ್ಸ್' ಕಾರ್ಯಕ್ರಮ ಇದರ ಮಾದರಿ; ಅದರ ಕೈಪಿಡಿ 1999ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿ ಮೊದಲು ತನ್ನ ಕುಡಿತದ ವಿವರಗಳನ್ನು ದಾಖಲಿಸುತ್ತಾನೆ ಅಥವಾ ದಾಖಲಿಸುತ್ತಾಳೆ. ನಂತರದ ಭೇಟಿಯಲ್ಲಿ ಸಮಾಲೋಚಕರು ಆ ವಿವರಗಳನ್ನೇ ಎದುರಿಗಿಟ್ಟು ಮಾತಾಡುತ್ತಾರೆ: ವಾರಕ್ಕೆ ಎಷ್ಟು ಯೂನಿಟ್, ರಕ್ತದಲ್ಲಿ ಯಾವ ಮಟ್ಟ ಮುಟ್ಟಿರಬಹುದು, ಎಷ್ಟು ಹಣ ಖರ್ಚಾಗಿದೆ, ಸಹಪಾಠಿಗಳು ನಿಜವಾಗಿ ಎಷ್ಟು ಕುಡಿಯುತ್ತಾರೆ. ಗದರಿಕೆ ಇಲ್ಲ, 'ಬಿಟ್ಟುಬಿಡು' ಎಂಬ ಅಪ್ಪಣೆಯೂ ಇಲ್ಲ. ಬದಲಾಗಬೇಕೆಂಬ ಮಾತು ವಿದ್ಯಾರ್ಥಿಯ ಬಾಯಿಂದಲೇ ಬರುವಂತೆ ಪ್ರಶ್ನೆ ಕೇಳುವ ಈ ಕ್ರಮಕ್ಕೆ ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್‌ನಿಕ್ 1991ರ ಪುಸ್ತಕದಲ್ಲಿ ವಿವರಿಸಿದ ಪ್ರೇರಣಾತ್ಮಕ ಸಂದರ್ಶನವೇ ತಳಹದಿ. ಮಾರ್ಲಾಟ್ ತಂಡ ಕಾಲೇಜಿಗೆ ಪ್ರವೇಶ ಸಿಕ್ಕವರಲ್ಲಿ ಹೆಚ್ಚು ಅಪಾಯವಿರುವವರನ್ನು ಮೊದಲೇ ಗುರುತಿಸಿ, ಮೊದಲ ವರ್ಷದಲ್ಲಿ ಒಂದು ಸಮಾಲೋಚನೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿತು. ಸಮಾಲೋಚನೆ ಪಡೆದವರಲ್ಲಿ ಕುಡಿತದಿಂದಾದ ತೊಂದರೆಗಳು ಪಡೆಯದವರಿಗಿಂತ ಕಡಿಮೆಯಾಗಿದ್ದವು.

ಆನ್‌ಲೈನ್ ಪಾಠಗಳು. ಸಾವಿರಾರು ಹೊಸ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡುವುದು ಕಷ್ಟ. ಆದ್ದರಿಂದ ತರಗತಿಗಳು ಶುರುವಾಗುವ ಮುನ್ನವೇ ಮುಗಿಸಬೇಕಾದ ಕಂಪ್ಯೂಟರ್ ಪಾಠಗಳು 2000ದ ನಂತರ ಹರಡಿದವು. 'ಆಲ್ಕೊಹಾಲ್‌ಎಜು' ಇವುಗಳಲ್ಲಿ ಹೆಸರಾದದ್ದು. 30 ವಿಶ್ವವಿದ್ಯಾಲಯಗಳಲ್ಲಿ ಅದನ್ನು ಪರೀಕ್ಷಿಸಿದಾಗ ಮೊದಲ ಸೆಮಿಸ್ಟರ್‌ನಲ್ಲಿ ಅತಿಕುಡಿತ ಇಳಿದಿತ್ತು, ಎರಡನೆಯದರ ಹೊತ್ತಿಗೆ ಪರಿಣಾಮ ಉಳಿದಿರಲಿಲ್ಲ. ಅಪಾಯ ಹೆಚ್ಚಿರುವ ವಾರಗಳನ್ನು ದಾಟಿಸಲು ಇವು ನೆರವಾಗುತ್ತವೆ. ಇಡೀ ವರ್ಷಕ್ಕೆ ಇದೊಂದನ್ನೇ ನೆಚ್ಚಿಕೊಳ್ಳಲಾಗದು.

ಹೆತ್ತವರ ಪಾತ್ರ. ಮಕ್ಕಳು ಮನೆ ಬಿಡುವ ಮೊದಲಿನ ಬೇಸಿಗೆಯಲ್ಲಿ ಹೆತ್ತವರಿಗೆ ಕೈಪಿಡಿಯೊಂದನ್ನು ಕಳಿಸಿ, ಮದ್ಯದ ಬಗ್ಗೆ ಮಕ್ಕಳೊಂದಿಗೆ ಹೇಗೆ ಮಾತಾಡಬೇಕೆಂದು ತಿಳಿಸುವ ವಿಧಾನವನ್ನು ರಾಬ್ ಟುರ್ರಿಸಿ ಬೆಳೆಸಿದರು. ಹೈಸ್ಕೂಲಿನಲ್ಲಿ ಕ್ರೀಡಾಪಟುಗಳಾಗಿದ್ದ ಹೊಸ ವಿದ್ಯಾರ್ಥಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಕೈಪಿಡಿ ಮತ್ತು ಬೇಸಿಕ್ಸ್ ಎರಡೂ ಸೇರಿದಾಗ ಫಲ ಹೆಚ್ಚಾಗಿ ಕಂಡಿತು. ಮಾತುಕತೆ ಕಾಲೇಜು ಸೇರುವ ಮೊದಲು ನಡೆದರೆ ಪ್ರಯೋಜನ ಹೆಚ್ಚು. 18 ತುಂಬಿದ ಮಗ ಅಥವಾ ಮಗಳು ತಮ್ಮ ಮಾತು ಕೇಳಲಾರರೆಂದು ಹಲವು ಹೆತ್ತವರು ಸುಮ್ಮನಾಗುತ್ತಾರೆ. ಅಧ್ಯಯನಗಳು ಇದನ್ನು ಸಮರ್ಥಿಸುವುದಿಲ್ಲ. 1998ರ ಕಾನೂನು ತಿದ್ದುಪಡಿಯ ನಂತರ, 21 ತುಂಬದ ವಿದ್ಯಾರ್ಥಿ ಮದ್ಯದ ನಿಯಮ ಮುರಿದರೆ ಹೆತ್ತವರಿಗೆ ತಿಳಿಸಲು ಕಾಲೇಜಿಗೆ ಅವಕಾಶವಿದೆ.

ರೂಢಿಯ ತಪ್ಪು ಗ್ರಹಿಕೆಯನ್ನು ತಿದ್ದುವುದು. ನ್ಯೂಯಾರ್ಕ್ ರಾಜ್ಯದ ಹೋಬಾರ್ಟ್ ಮತ್ತು ವಿಲಿಯಂ ಸ್ಮಿತ್ ಕಾಲೇಜುಗಳಲ್ಲಿ ವೆಸ್ಲಿ ಪರ್ಕಿನ್ಸ್ ಮತ್ತು ಆಲನ್ ಬರ್ಕೊವಿಟ್ಜ್ 1986ರಲ್ಲಿ ಒಂದು ಸಂಗತಿಯನ್ನು ತೋರಿಸಿದರು: ಸಹಪಾಠಿಗಳು ತಮಗಿಂತ ಕುಡಿತವನ್ನು ಹೆಚ್ಚು ಮೆಚ್ಚುತ್ತಾರೆಂದು ವಿದ್ಯಾರ್ಥಿಗಳು ತಪ್ಪಾಗಿ ತಿಳಿದಿರುತ್ತಾರೆ. ನಿಜವಾದ ಅಂಕಿಅಂಶವನ್ನು ಭಿತ್ತಿಪತ್ರಗಳಲ್ಲಿ ಸಾರುವ ಪ್ರಚಾರ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದು ದೇಶಕ್ಕೆಲ್ಲ ಹಬ್ಬಿತು. ಅದರ ಫಲದ ಬಗ್ಗೆ ಒಮ್ಮತವಿಲ್ಲ. ವೆಕ್ಸ್ಲರ್ ತಂಡದ 2003ರ ಹೋಲಿಕೆಯಲ್ಲಿ ಇಳಿಕೆ ಕಾಣಲಿಲ್ಲ. ವಿಲಿಯಂ ಡಿಯಾಂಗ್ ಮತ್ತು ಸಂಗಡಿಗರ 18 ಕಾಲೇಜುಗಳ ಪ್ರಯೋಗ 2006ರಲ್ಲಿ ಅನುಕೂಲಕರ ಫಲ ತೋರಿತು, ಅದೇ ತಂಡ 14 ಕಾಲೇಜುಗಳಲ್ಲಿ ಮರುಪ್ರಯೋಗಿಸಿದಾಗ ಆ ಫಲ ಬರಲಿಲ್ಲ. ಇದೇ ಮಾಹಿತಿಯನ್ನು ವಿದ್ಯಾರ್ಥಿಯ ಸ್ವಂತ ಕುಡಿತದ ಜೊತೆ ಹೋಲಿಸಿ ಖಾಸಗಿಯಾಗಿ ಕೊಟ್ಟಾಗ ಪರಿಣಾಮ ಹೆಚ್ಚು ಸ್ಥಿರ.

ಪರಿಸರದ ಕ್ರಮಗಳು. ಮದ್ಯ ಎಷ್ಟು ಸುಲಭವಾಗಿ, ಎಷ್ಟು ಅಗ್ಗವಾಗಿ ಸಿಗುತ್ತದೆ ಎಂಬುದನ್ನು ಬದಲಿಸುವ ಕ್ರಮಗಳು ಇಲ್ಲಿ ಸೇರುತ್ತವೆ: ವಯಸ್ಸಿನ ಗುರುತಿನ ಚೀಟಿ ಕೇಳುತ್ತಾರೆಯೇ ಎಂದು ಅಂಗಡಿಗಳನ್ನು ಪರೀಕ್ಷಿಸುವುದು, ಅಗ್ಗದ ದರದ 'ಹ್ಯಾಪಿ ಅವರ್' ನಿರ್ಬಂಧ, ತೆರಿಗೆ ಏರಿಕೆ, ಬಾಡಿಗೆ ಮನೆಗಳ ಗದ್ದಲದ ಪಾರ್ಟಿಗಳ ಮೇಲೆ ಪೊಲೀಸರ ನಿಗಾ. ಕ್ಯಾಲಿಫೋರ್ನಿಯಾದ 14 ಸಾರ್ವಜನಿಕ ವಿಶ್ವವಿದ್ಯಾಲಯಗಳ ಆವರಣಗಳಲ್ಲಿ ರಾಬರ್ಟ್ ಸಾಲ್ಟ್ಜ್ ನಡೆಸಿದ ಪ್ರಯೋಗದಲ್ಲಿ, ಸೆಮಿಸ್ಟರ್ ಆರಂಭದಲ್ಲೇ ಇಂಥ ಕ್ರಮಗಳನ್ನು ಬಿಗಿಗೊಳಿಸಿ ಅದನ್ನು ಎಲ್ಲರಿಗೂ ತಿಳಿಯಪಡಿಸಿದ ಕಡೆ, ಆವರಣದ ಹೊರಗಿನ ಪಾರ್ಟಿಗಳಲ್ಲಿ ಅಮಲೇರುವಷ್ಟು ಕುಡಿಯುವುದು ಕಡಿಮೆಯಾಯಿತು. ಕೆಲವು ಕಾಲೇಜುಗಳು ಮದ್ಯದ ಬಗೆಯನ್ನೇ ನಿರ್ಬಂಧಿಸಿವೆ: ಡಾರ್ಟ್‌ಮತ್ 2015ರಲ್ಲಿ ಆವರಣದಲ್ಲಿ ವಿದ್ಯಾರ್ಥಿಗಳಿಗೆ ಕಡುಮದ್ಯ ನಿಷೇಧಿಸಿತು, ಸ್ಟ್ಯಾನ್‌ಫರ್ಡ್ 2016ರಲ್ಲಿ ಪದವಿ ವಿದ್ಯಾರ್ಥಿಗಳ ಪಾರ್ಟಿಗಳಿಂದ ಅದನ್ನು ಹೊರಗಿಟ್ಟಿತು. ಈ ವಿಧದ ಕ್ರಮಗಳು ವಿದ್ಯಾರ್ಥಿಗಳಿಗೂ ವ್ಯಾಪಾರಿಗಳಿಗೂ ಅಪ್ರಿಯವಾದ್ದರಿಂದ ಕಾಲೇಜುಗಳು ಇವುಗಳಿಗಿಂತ ಭಾಷಣ, ಕರಪತ್ರಗಳನ್ನೇ ಹೆಚ್ಚಾಗಿ ಆರಿಸಿಕೊಂಡು ಬಂದಿವೆ.

ಕ್ರಮಗಳ ಮೌಲ್ಯಮಾಪನ

ರಾಷ್ಟ್ರೀಯ ಸಂಸ್ಥೆ 2015ರಲ್ಲಿ 'ಕಾಲೇಜ್‌ಏಮ್' ಎಂಬ ಮಾರ್ಗದರ್ಶಿ ಹೊರತಂದು 2019ರಲ್ಲಿ ಪರಿಷ್ಕರಿಸಿತು. ಸುಮಾರು 60 ಕ್ರಮಗಳನ್ನು ಫಲ, ವೆಚ್ಚ ಮತ್ತು ಜಾರಿಯ ತೊಡಕುಗಳ ಆಧಾರದಲ್ಲಿ ಅದು ಶ್ರೇಣೀಕರಿಸುತ್ತದೆ. ಬರೀ ಮಾಹಿತಿ ಕೊಡುವ ಕಾರ್ಯಕ್ರಮಗಳು ಕುಡಿತವನ್ನು ತಗ್ಗಿಸುವುದಿಲ್ಲ ಎಂಬುದು ಅದರ ಸ್ಪಷ್ಟ ನಿಲುವು. ಮದ್ಯದಿಂದ ಕೇಡಾಗುತ್ತದೆ ಎಂಬುದು ಹೊಸ ವಿದ್ಯಾರ್ಥಿಗಳಿಗೆ ಮೊದಲೇ ಗೊತ್ತಿರುತ್ತದೆ. ತಿಳಿವಳಿಕೆಯ ಕೊರತೆ ಇಲ್ಲಿ ಮೂಲ ಕಾರಣವಲ್ಲ. ವೈಯಕ್ತಿಕ ಹಿಮ್ಮಾಹಿತಿ, ವಯೋಮಿತಿಯ ಜಾರಿ ಮತ್ತು ಬೆಲೆಯ ಕ್ರಮಗಳು ಪಟ್ಟಿಯಲ್ಲಿ ಮೇಲಿವೆ.

ವಯೋಮಿತಿಯ ಬಗ್ಗೆ ವಾದ ನಿಂತಿಲ್ಲ. ಮಿಡ್ಲ್‌ಬರಿ ಕಾಲೇಜಿನ ಮಾಜಿ ಅಧ್ಯಕ್ಷ ಜಾನ್ ಮೆಕ್‌ಕಾರ್ಡೆಲ್ 2008ರಲ್ಲಿ ಆರಂಭಿಸಿದ 'ಅಮೆಥಿಸ್ಟ್' ಮನವಿಗೆ 130ಕ್ಕೂ ಹೆಚ್ಚು ಕಾಲೇಜು ಅಧ್ಯಕ್ಷರು ಸಹಿ ಹಾಕಿ, 21ರ ಮಿತಿ ಕುಡಿತವನ್ನು ಮುಚ್ಚಿದ ಬಾಗಿಲ ಹಿಂದಕ್ಕೆ ತಳ್ಳಿದೆ ಎಂದರು. ಈ ಮಿತಿಯಿಂದ ರಸ್ತೆ ಸಾವುಗಳು ಇಳಿದಿವೆ ಎಂಬ ಪುರಾವೆ ಬಲವಾಗಿರುವುದರಿಂದ ಕಾನೂನು ಬದಲಾಗಲಿಲ್ಲ.

ತುರ್ತು ನೆರವು ಮತ್ತು ಚೇತರಿಕೆ

ಎಬ್ಬಿಸಿದರೂ ಏಳದಿರುವುದು, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು ಅಥವಾ ಉಸಿರುಗಳ ನಡುವೆ ಹತ್ತು ಸೆಕೆಂಡಿಗೂ ಹೆಚ್ಚು ಅಂತರ, ಮೈ ತಣ್ಣಗಾಗಿ ತುಟಿ ನೀಲಿಗಟ್ಟುವುದು, ಸೆಳವು, ಪ್ರಜ್ಞೆಯಿಲ್ಲದೆ ವಾಂತಿ ಇವು ಮದ್ಯದ ವಿಷಪ್ರಭಾವದ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಆಂಬುಲೆನ್ಸ್ ಕರೆಯಬೇಕು; ವಾಂತಿ ಗಂಟಲಿಗೆ ಸಿಕ್ಕದಂತೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒಂಟಿಯಾಗಿ ಬಿಡದೆ ಜೊತೆಯಲ್ಲಿರಬೇಕು.

ಶಿಕ್ಷೆಯ ಭಯದಿಂದ ಗೆಳೆಯರು ಕರೆ ಮಾಡಲು ಹಿಂಜರಿಯುತ್ತಾರೆ. ಇದನ್ನು ನೀಗಿಸಲು ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿ, ನೆರವು ಕೋರಿದವರ ಮೇಲೂ ನೆರವು ಬೇಕಾದವರ ಮೇಲೂ ಮದ್ಯದ ಶಿಸ್ತುಕ್ರಮ ಜರುಗಿಸದ ನಿಯಮ ತಂದಿತು. ನಂತರದ ಎರಡು ವರ್ಷಗಳಲ್ಲಿ ನೆರವಿನ ಕರೆಗಳು ಹೆಚ್ಚಿದವು. ಕುಡಿತ ಮಾತ್ರ ಹೆಚ್ಚಿದಂತೆ ಕಾಣಲಿಲ್ಲ. ಈ ವಿನಾಯಿತಿ ಇಂದು ಅನೇಕ ಕಾಲೇಜುಗಳಲ್ಲೂ ರಾಜ್ಯಗಳ ಕಾನೂನುಗಳಲ್ಲೂ ಇದೆ. ವ್ಯಸನದಿಂದ ಹೊರಬಂದು ಓದು ಮುಂದುವರಿಸುವವರಿಗಾಗಿ ಬ್ರೌನ್ ವಿಶ್ವವಿದ್ಯಾಲಯ 1977ರಲ್ಲಿ, ರಟ್ಗರ್ಸ್ 1983ರಲ್ಲಿ, ಟೆಕ್ಸಸ್ ಟೆಕ್ 1986ರಲ್ಲಿ ಬೆಂಬಲ ಕಾರ್ಯಕ್ರಮ ಆರಂಭಿಸಿದವು. ಮದ್ಯರಹಿತ ವಿದ್ಯಾರ್ಥಿನಿಲಯ ಇದರ ಮುಂದುವರಿಕೆ.

ಅಮೆರಿಕದಲ್ಲಿ ಈಗಿನ ಸ್ಥಿತಿ

ಯುವಜನರ ಕುಡಿತ ಇಳಿಮುಖವಾಗಿದೆ. ಗ್ಯಾಲಪ್ ಸಮೀಕ್ಷೆಗಳ ಪ್ರಕಾರ 35ಕ್ಕಿಂತ ಕಡಿಮೆ ವಯಸ್ಸಿನ ವಯಸ್ಕರಲ್ಲಿ ಮದ್ಯ ಬಳಸುತ್ತೇವೆಂದವರ ಪ್ರಮಾಣ 2001–03ರ ಶೇ 72ರಿಂದ 2021–23ರಲ್ಲಿ ಶೇ 62ಕ್ಕೆ ಇಳಿಯಿತು. ಫ್ರಟರ್ನಿಟಿಗಳ ಸೇರ್ಪಡೆಯ ಕೂಟಗಳ ಸಾವು ಮಾತ್ರ ನಿಂತಿಲ್ಲ. 2017ರಲ್ಲಿ ಪೆನ್ಸಿಲ್ವೇನಿಯಾ ಮತ್ತು ಲೂಸಿಯಾನಾದಲ್ಲಿ ನಡೆದ ಸಾವುಗಳ ನಂತರ ಆ ರಾಜ್ಯಗಳು 2018ರಲ್ಲಿ ಕಠಿಣ ಕಾನೂನು ಮಾಡಿದವು, 2024ರ ಡಿಸೆಂಬರಿನಲ್ಲಿ ಇಂಥ ಪ್ರಕರಣಗಳನ್ನು ಕಾಲೇಜುಗಳು ಬಹಿರಂಗಪಡಿಸಬೇಕೆಂಬ ಕೇಂದ್ರ ಕಾಯ್ದೆ ಬಂದಿತು.

ಕರ್ನಾಟಕದಿಂದ ಅಲ್ಲಿಗೆ ಓದಲು ಹೋಗುವವರಿಗೆ ಇನ್ನೊಂದು ಅಪಾಯವಿದೆ. 21ರ ಒಳಗಿನವರಿಗೆ ಎಲ್ಲ ರಾಜ್ಯಗಳಲ್ಲೂ ವಾಹನ ಓಡಿಸುವಾಗ ರಕ್ತದ ಮದ್ಯ ಶೇ 0.02ಕ್ಕಿಂತ ಕೆಳಗಿರಬೇಕು. ಕುಡಿದು ಓಡಿಸಿ ಬಂಧನಕ್ಕೊಳಗಾದ ವಿದೇಶಿಯರ ವೀಸಾ, ನ್ಯಾಯಾಲಯದ ತೀರ್ಪಿಗೆ ಮೊದಲೇ ರದ್ದಾಗಬಹುದು.

ಭಾರತ ಮತ್ತು ಕರ್ನಾಟಕದಲ್ಲಿ ಈಗಿನ ಸ್ಥಿತಿ

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75ರ ವಯಸ್ಸಿನ ಭಾರತೀಯರಲ್ಲಿ ಶೇ 14.6 ಮಂದಿ ಮದ್ಯ ಬಳಸುತ್ತಾರೆ. ಗಂಡಸರಲ್ಲಿ ಶೇ 27.3, ಹೆಂಗಸರಲ್ಲಿ ಶೇ 1.6. ವಯೋಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ: ಕೇರಳದಲ್ಲಿ 23, ತಮಿಳುನಾಡಿನಲ್ಲಿ 21, ಗುಜರಾತ್ ಮತ್ತು ಬಿಹಾರದಲ್ಲಿ ಪಾನನಿಷೇಧವಿದೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ 18 ವರ್ಷವನ್ನು ಹೇಳಿದರೆ, ಸನ್ನದುಗಳ ಸಾಮಾನ್ಯ ಷರತ್ತುಗಳ 1967ರ ನಿಯಮಗಳು 21 ವರ್ಷವನ್ನು ಹೇಳುತ್ತವೆ. 2023ರ ಜನವರಿಯಲ್ಲಿ ಸರಕಾರ ನಿಯಮದ ಮಿತಿಯನ್ನು 18ಕ್ಕೆ ಇಳಿಸುವ ಕರಡು ಪ್ರಕಟಿಸಿ, ವಿರೋಧ ಬಂದಾಗ ಹಿಂತೆಗೆದುಕೊಂಡಿತು. ಶಾಲೆ ಕಾಲೇಜುಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಇಲ್ಲವೆಂಬುದು ರಾಜ್ಯದ ನಿಯಮ. ಪಿಯುಸಿ ಮುಗಿಸಿ ಪದವಿಗೆ ಬರುವವರಲ್ಲಿ ಕೆಲವರಿಗೆ ಇನ್ನೂ 18 ತುಂಬಿರುವುದಿಲ್ಲ. ಅಂಥವರಿಗೆ ಮದ್ಯ ಕೊಡುವುದು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ. ಹಾಸ್ಟೆಲಿನಲ್ಲಿ ಕಿರಿಯರ ಕೈಗೆ ಲೋಟ ಕೊಡುವ ಸೀನಿಯರ್‌ಗೂ ಇದು ಅನ್ವಯಿಸುತ್ತದೆ.

ಇಲ್ಲಿ ಹೊಸ ವಿದ್ಯಾರ್ಥಿಗಳ ಕುಡಿತದ ತಡೆ ಸ್ವತಂತ್ರ ಕಾರ್ಯಕ್ರಮವಾಗಿ ಬೆಳೆಯುವ ಬದಲು ರ್‍ಯಾಗಿಂಗ್ ತಡೆಯ ಭಾಗವಾಗಿ ಬೆಳೆದಿದೆ. ಸುಪ್ರೀಂ ಕೋರ್ಟ್ ನೇಮಿಸಿದ ಆರ್.ಕೆ. ರಾಘವನ್ ಸಮಿತಿಯ 2007ರ ವರದಿಯ ನಂತರ ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ನಿಯಮಗಳನ್ನು ಹೊರಡಿಸಿತು. ಪ್ರವೇಶದ ವೇಳೆ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಸಲ್ಲಿಸಬೇಕು. ಬಲವಂತದಿಂದ ಕುಡಿಸಿದರೆ ಅದೂ ರ್‍ಯಾಗಿಂಗ್. ದೂರಿಗೆ 1800-180-5522 ಸಹಾಯವಾಣಿ ಇದೆ. ಆಯೋಗ 2019ರಲ್ಲಿ ಹೊರತಂದ 'ದೀಕ್ಷಾರಂಭ' ಎಂಬ ಪರಿಚಯ ಕಾರ್ಯಕ್ರಮ ಮೊದಲ ವಾರಗಳಲ್ಲೇ ನಡೆಯುವುದರಿಂದ ಮದ್ಯದ ವಿಷಯಕ್ಕೂ ಸೂಕ್ತ ಅವಕಾಶ. ಆದರೆ ಬೆಂಗಳೂರಿನಂಥ ನಗರಗಳಲ್ಲಿ ಹೊರ ಊರಿನ ಅನೇಕ ವಿದ್ಯಾರ್ಥಿಗಳು ಕಾಲೇಜಿನ ಹಾಸ್ಟೆಲ್ ಬಿಟ್ಟು ಪಿಜಿ, ಬಾಡಿಗೆ ಮನೆಗಳಲ್ಲಿರುತ್ತಾರೆ. ವಾರ್ಡನ್ ಅಧಿಕಾರ ಅಲ್ಲಿಗೆ ತಲುಪದು.

ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ರಾಜ್ಯದ ಪ್ರಮುಖ ಸಂಸ್ಥೆ. ಧರ್ಮಸ್ಥಳದ ಆಶ್ರಯದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಮುಖ್ಯವಾಗಿ ವ್ಯಸನಕ್ಕೆ ಒಳಗಾದ ವಯಸ್ಕರಿಗಾಗಿ ನಡೆಯುತ್ತವೆ. ತಜ್ಞ ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರೂ ಕಿರು ಸಮಾಲೋಚನೆ ನಡೆಸಬಲ್ಲರೆಂದು ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಆಪ್ತಸಮಾಲೋಚಕರ ಕೊರತೆಯಿರುವ ಕಾಲೇಜುಗಳಿಗೆ ಇದು ಉಪಯುಕ್ತ ಮಾಹಿತಿ. ಮದ್ಯ ಮತ್ತು ಮಾದಕವಸ್ತು ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ 'ಟೆಲಿ ಮಾನಸ್' ಸಹಾಯವಾಣಿ 14416, 2022ರ ಅಕ್ಟೋಬರ್‌ನಿಂದ ಕನ್ನಡದಲ್ಲೂ ದಿನದ 24 ಗಂಟೆ ಲಭ್ಯವಿದೆ.